ಅಕ್ಕನ ಪಾಲಿಗೆ ತಂಗಿ ಬಂದ್ಲು: ಜಾನ್ ವೇಲ್ಸ್ ಆಸ್ತಿ ಪಾಲಾದ ಕಥೆ

ನಮಸ್ಕಾರ. ಇವತ್ತು ಒಂದು ಪಾಲುಪಟ್ಟಿ ಬಗ್ಗೆ ಮಾತಾಡೋಣ. ಅಮೆರಿಕದ ವರ್ಜೀನಿಯಾದ್ದು, 1774ರ ಜನವರಿದು. ಬರೆದಿಟ್ಟೋನು ಥಾಮಸ್ ಜೆಫರ್ಸನ್, ಹೌದು ಅದೇ ಜೆಫರ್ಸನ್, ಅದಾಗಿ ಎರಡೂವರೆ ವರ್ಷಕ್ಕೆ ಸ್ವಾತಂತ್ರ್ಯದ ಘೋಷಣೆಯಲ್ಲಿ ಮನುಷ್ಯರೆಲ್ಲ ಸಮಾನರು ಅಂತ ಬರೆದೋನು. ಆತ ಫಾರ್ಮ್ ಬುಕ್ ಅಂತ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದ, ಅದ್ರಲ್ಲಿ ಮಾವನ ಆಸ್ತಿ ಭಾಗ ಆದಾಗ ಹೆಂಡ್ತಿ ಹಕ್ಕಿನಿಂದ ತನಗೆ ಬಂದ ಗುಲಾಮರ ಪಟ್ಟಿ ಇದೆ. 135 ಜನ. ಅದುವರೆಗೂ ಅವನ ಹತ್ರ ಇದ್ದಿದ್ದು 52. ಒಂದೇ ಒಂದು ಸಾವಿಂದ ಜೆಫರ್ಸನ್ 187 ಜನರ ಯಜಮಾನ ಆಗ್ಬಿಟ್ಟ.

ಮಾವನ ಹೆಸರು ಜಾನ್ ವೇಲ್ಸ್. ಇಂಗ್ಲೆಂಡಿನ ಲ್ಯಾಂಕಾಸ್ಟರಲ್ಲಿ ಹುಟ್ಟಿ ವರ್ಜೀನಿಯಾಕ್ಕೆ ಬಂದು ವಕೀಲನಾಗಿ, ತಂಬಾಕು ಬೆಳೆಯೋ ಪ್ಲಾಂಟರ್ ಆಗಿ, ಬ್ರಿಸ್ಟಲ್ಲಿನ ಫೇರಲ್ ಅಂಡ್ ಜೋನ್ಸ್ ಅನ್ನೋ ವ್ಯಾಪಾರಿಗಳಿಗೆ ಏಜೆಂಟ್ ಆಗಿ ಮೇಲೆ ಬಂದೋನು. ಏಜೆಂಟ್ ಅಂದ್ರೆ ಸಾಲ ವಸೂಲಿ, ಜೊತೆಗೆ ಹಡಗಲ್ಲಿ ಬಂದ ಆಫ್ರಿಕದ ಜನರನ್ನ ಮಾರಿಸಿಕೊಡೋದು. 1773ರ ಮೇ ತಿಂಗಳಲ್ಲಿ ಸತ್ತ. ಮೂರು ಮದುವೆ ಆಗಿದ್ದ, ಮೂರೂ ಹೆಂಡ್ತಿಯರು ಅವನಿಗಿಂತ ಮೊದಲೇ ಹೋಗಿದ್ರು. ಉಳಿದಿದ್ದು ನಾಲ್ಕು ಹೆಣ್ಣುಮಕ್ಕಳು, ಮಾರ್ಥಾ, ಎಲಿಜಬೆತ್, ತಬಿತಾ, ಆನ್.

ನಾಲ್ಕು ಹೆಣ್ಣುಮಕ್ಕಳು ಅಂದ್ನಲ್ಲ, ಅದು ಕಾಗದದ ಮೇಲಿನ ಲೆಕ್ಕ.

ಮೊದಲನೇ ಹೆಂಡ್ತಿ ತವರಿಂದ ಬಂದ ಗುಲಾಮರಲ್ಲಿ ಬೆಟ್ಟಿ ಹೆಮಿಂಗ್ಸ್ ಅಂತ ಒಬ್ಬ ಹುಡುಗಿ ಇದ್ಲು. ಮೂರನೇ ಹೆಂಡ್ತಿ 1761ರಲ್ಲಿ ತೀರ್ಕೊಂಡ ಮೇಲೆ ವೇಲ್ಸ್ ಈ ಬೆಟ್ಟಿಯನ್ನ ಇಟ್ಕೊಂಡ, ಅವಳಿಗೆ ಅವನಿಂದ ಆರು ಮಕ್ಕಳಾದ್ವು, ರಾಬರ್ಟ್, ಜೇಮ್ಸ್, ತೀನಿಯಾ, ಕ್ರಿಟ್ಟಾ, ಪೀಟರ್, ಸ್ಯಾಲಿ. 'ಇಟ್ಕೊಂಡ' ಅಂತ ನಾವು ಸಲೀಸಾಗಿ ಹೇಳ್ತೀವಿ, ಆದ್ರೆ ಬೇಡ ಅನ್ನೋಕೆ ಆಕೆಗೆ ಯಾವ ಕಾನೂನೂ ಅವಕಾಶ ಕೊಟ್ಟಿರಲಿಲ್ಲ ಅನ್ನೋದನ್ನ ಮರೀಬಾರ್ದು. ಬೆಟ್ಟಿಯ ಮೊಮ್ಮಗ ಮ್ಯಾಡಿಸನ್ ಹೆಮಿಂಗ್ಸ್ 1873ರಲ್ಲಿ ಓಹಿಯೋದ ಒಂದು ಪತ್ರಿಕೆಗೆ ಇದನ್ನೆಲ್ಲ ಬಾಯಿಬಿಟ್ಟು ಹೇಳಿದಾನೆ, ಇತಿಹಾಸಕಾರರು ಬಹುಪಾಲು ಒಪ್ಕೊಂಡಿದಾರೆ. ಅಪ್ಪ ಸತ್ತಾಗ ಸ್ಯಾಲಿ ಇನ್ನೂ ಕೈಗೂಸು.

ಈಗ ಪಾಲಿಗೆ ಬನ್ನಿ. ಅಪ್ಪನಿಗೆ ಹತ್ತು ಮಕ್ಕಳು. ನಾಲ್ಕು ಮಕ್ಕಳು ಪಾಲು ತಗೊಳ್ಳೋರು. ಆರು ಮಕ್ಕಳು ಪಾಲಲ್ಲಿ ಹೋಗೋರು. ಬೆಟ್ಟಿ ಮತ್ತೆ ಅವಳ ಮಕ್ಕಳು ಮಾರ್ಥಾ ಪಾಲಿಗೆ ಬಂದ್ರು, ಮಾರ್ಥಾ ಗಂಡನೇ ಜೆಫರ್ಸನ್. ಮದುವೆಯಾದ ಹೆಂಗಸಿನ ಆಸ್ತಿಯೆಲ್ಲ ಗಂಡನ ಕೈಗೆ ಹೋಗೋ ಕಾಲ ಅದು, ಹಾಗಾಗಿ ಅಪ್ಪನ ಆಸ್ತಿಯಲ್ಲಿ ಅಕ್ಕನಿಗೆ ಸ್ವಂತ ತಂಗಿ ತಮ್ಮಂದಿರು ಸಿಕ್ಕಿದ್ರು, ಅಕ್ಕನ ಮೂಲಕ ಅವರು ಭಾವನ ಸ್ವತ್ತಾದ್ರು. ಇದ್ರಲ್ಲಿ ಎಲ್ಲೂ ಕಾನೂನು ಮುರಿದಿಲ್ಲ, ಅದೇ ನನಗೆ ಮೈ ಉರಿಯೋದು. ವರ್ಜೀನಿಯಾದಲ್ಲಿ 1662ರಲ್ಲೇ ಕಾಯ್ದೆ ಮಾಡಿದ್ರು, ಮಗು ಗುಲಾಮನೋ ಸ್ವತಂತ್ರನೋ ಅನ್ನೋದು ತಾಯಿ ಮೇಲೆ ಹೋಗುತ್ತೆ ಅಂತ. ಯಜಮಾನ ಗುಲಾಮ ಹೆಂಗಸಿಗೆ ಮಗು ಕೊಟ್ರೆ ಅವನಿಗೆ ವಾರಸುದಾರ ಹುಟ್ಟಲ್ಲ, ಆಸ್ತಿ ಹುಟ್ಟುತ್ತೆ. ಎಷ್ಟು ತಣ್ಣಗೆ ಕೂತು ಯೋಚನೆ ಮಾಡಿ ಬರೆದಿರಬೇಕು ನೋಡಿ ಇದನ್ನ.

ಮುಂದಿನ ಕಥೆ ಬಹಳ ಜನಕ್ಕೆ ಗೊತ್ತು. ಮಾರ್ಥಾ 1782ರಲ್ಲಿ ಸತ್ಲು, ಸ್ಯಾಲಿ 1787ರಲ್ಲಿ ಜೆಫರ್ಸನ್ ಮಗಳ ಜೊತೆ ಪ್ಯಾರಿಸ್‌ಗೆ ಹೋದ್ಲು, ಆಮೇಲೆ ಅವಳಿಗೆ ಜೆಫರ್ಸನ್‌ನಿಂದ ಮಕ್ಕಳಾದ್ವು, ಮ್ಯಾಡಿಸನ್ ಅವರಲ್ಲೊಬ್ಬ. 1998ರಲ್ಲಿ ಡಿಎನ್ಎ ಟೆಸ್ಟ್ ಕೂಡ ಆಯ್ತು. ಅದೇ ಒಂದು ದೊಡ್ಡ ಚರ್ಚೆ, ಇವತ್ತು ಬೇಡ. ನಾನು ಪಾಲಿನ ವಿಷಯಕ್ಕೇ ಅಂಟ್ಕೋತೀನಿ, ಯಾಕಂದ್ರೆ ನಾನು ಹೇಳ್ಬೇಕಿರೋದು ಇಷ್ಟು: ಗುಲಾಮಗಿರಿ ಅಂದ ತಕ್ಷಣ ನಮ್ಮ ಕಣ್ಮುಂದೆ ಚಾಟಿ ಬರುತ್ತೆ, ಕ್ರೂರಿ ಯಜಮಾನ ಬರ್ತಾನೆ. ಆದ್ರೆ ಸಂಸಾರಗಳನ್ನ ಒಡೆಯೋಕೆ ಕ್ರೂರಿ ಬೇಕಾಗಿರಲಿಲ್ಲ. ಮಕ್ಕಳ ಮೇಲೆ ಪ್ರೀತಿ ಇರೋ, ಯಾರಿಗೂ ಅನ್ಯಾಯ ಆಗಬಾರ್ದು ಅನ್ನೋ ಒಬ್ಬ ಅಪ್ಪ ಇದ್ರೆ ಸಾಕಿತ್ತು.

ಹೇಗೆ ಅಂತೀರಾ? ನಮ್ಮಲ್ಲಿ ಅಣ್ತಮ್ಮಂದ್ರು ಬೇರೆ ಆಗ್ಬೇಕಾದ್ರೆ ಪಂಚರು ಕೂತು ಹಂಡೆ, ಹರಿವಾಣ, ಎತ್ತು ಎಲ್ಲಾ ಬೆಲೆ ಕಟ್ಟಿ ಸಮ ಮಾಡ್ತಾರಲ್ಲ, ಅಲ್ಲೂ ಅದೇ, ಅಪ್ರೈಸರ್‌ಗಳು ಬಂದು ಒಬ್ಬೊಬ್ಬ ಮನುಷ್ಯನಿಗೂ ರೇಟು ಬರೀತಾರೆ. ಮೈಕಟ್ಟಿರೋ ಹುಡುಗನಿಗೆ ಜಾಸ್ತಿ, ಹೆರೋ ವಯಸ್ಸಿನ ಹೆಂಗಸಿಗೆ ಒಂದು ರೇಟು, ಮುದುಕಿಗೆ ಏನೂ ಇಲ್ಲ. ಆಮೇಲೆ ಪಾಲು ಸಮ ಬರ್ಬೇಕು ಅಂದ್ರೆ ತಾಯಿ ಒಂದು ಕಡೆ ಮಗ ಒಂದು ಕಡೆ ಹೋಗ್ಲೇಬೇಕು, ಇಲ್ದಿದ್ರೆ ಲೆಕ್ಕ ಕೂಡಲ್ಲ.

ಇನ್ನೂ ತಮಾಷೆ ಏನ್ ಗೊತ್ತಾ, ಅಂದ್ರೆ ತಮಾಷೆ ಅಲ್ಲ ಬಿಡಿ. ಜೆಫರ್ಸನ್ ತಾನು ದೊಡ್ಡ ಸುಧಾರಣೆ ಮಾಡಿದೆ ಅಂತ ಹೆಮ್ಮೆ ಪಡ್ತಿದ್ದ ಕೆಲಸಗಳಲ್ಲಿ ಒಂದು, ವರ್ಜೀನಿಯಾದಲ್ಲಿ ಆಸ್ತಿಯನ್ನ ವಂಶದಲ್ಲೇ ಕಟ್ಟಿಹಾಕೋ ಪದ್ಧತಿ ತೆಗೆಸಿದ್ದು, 1776ರಲ್ಲಿ. ಆಮೇಲೆ ವಿಲ್ ಇಲ್ದೇ ಸತ್ರೆ ಎಲ್ಲಾ ಹಿರೀಮಗನಿಗೇ ಅನ್ನೋದೂ ಹೋಯ್ತು, ಮಕ್ಕಳಿಗೆಲ್ಲ ಸಮಪಾಲು ಬಂತು. ಹೆಣ್ಣುಮಕ್ಕಳಿಗೂ. ಕೇಳಿದ್ರೆ ಯಾರಾದ್ರೂ ಚಪ್ಪಾಳೆ ಹೊಡೀತಾರೆ, ನಾನೂ ಹೊಡೀತೀನಿ. ಆದ್ರೆ ಆ ಸಮಪಾಲಲ್ಲಿ ಮನುಷ್ಯರೂ ಇದ್ದಾಗ? ಆಸ್ತಿಗೆ ಪಾಲುದಾರರು ಜಾಸ್ತಿ ಆದಷ್ಟೂ ಗುಲಾಮರ ಸಂಸಾರ ಚೂರಾಗೋ ಸಾಧ್ಯತೆನೂ ಜಾಸ್ತಿ. ಬಿಳಿಯರ ಮನೆಗೆ ನ್ಯಾಯ ಅನ್ಸಿದ್ದು ಗುಲಾಮರ ಕೇರಿಗೆ ಕೇಡಾಗಿ ಬಂತು.

ಗುಲಾಮರ ಕಡೆಯಿಂದ ಇದು ಹೇಗೆ ಕಾಣ್ತಿತ್ತು ಅಂತ ಹೇಳಿದೋನು ಫ್ರೆಡರಿಕ್ ಡಗ್ಲಾಸ್, ಗುಲಾಮನಾಗಿ ಹುಟ್ಟಿ ಆಮೇಲೆ ಗುಲಾಮಗಿರಿ ವಿರುದ್ಧ ಹೋರಾಡಿದೋನು. ಮೇರಿಲ್ಯಾಂಡಲ್ಲಿ ಅವನ ಯಜಮಾನ ಆರನ್ ಆಂಥನಿ 1826ರಲ್ಲಿ ಸತ್ತ, ವಿಲ್ ಬರೆದಿರಲಿಲ್ಲ. ಡಗ್ಲಾಸ್ ಆಗ ಬಾಲ್ಟಿಮೋರಲ್ಲಿದ್ದ ಪುಟ್ಟ ಹುಡುಗ, ಬೆಲೆ ಕಟ್ಟಬೇಕು ಅಂತ ಅವನನ್ನ ವಾಪಸ್ ಕರೆಸಿದ್ರು. ಗಂಡಸರು, ಹೆಂಗಸರು, ಕುದುರೆ, ದನ, ಹಂದಿ, ಮಕ್ಕಳು, ಎಲ್ಲಾ ಒಂದೇ ಸಾಲಲ್ಲಿ ನಿಲ್ಲಿಸಿ ಒಂದೇ ಥರ ತಪಾಸಣೆ ಮಾಡಿದ್ರು ಅಂತ ಬರ್ಕೊಂಡಿದಾನೆ. ಎಲ್ರಿಗೂ ಇದ್ದ ಭಯ ಒಂದೇ, ಆಂಡ್ರೂ ಪಾಲಿಗೆ ಮಾತ್ರ ಬೀಳಬಾರ್ದು. ಆಂಡ್ರೂ ಅಂದ್ರೆ ಯಜಮಾನನ ಮಗ, ಮಹಾ ಕುಡುಕ. ಅದಕ್ಕೆ ಸ್ವಲ್ಪ ಮುಂಚೆ ಡಗ್ಲಾಸ್‌ನ ಪುಟ್ಟ ತಮ್ಮನ ಕತ್ತು ಹಿಡಿದು ನೆಲಕ್ಕೆ ಕುಕ್ಕಿ, ಬೂಟುಕಾಲಲ್ಲಿ ತಲೆ ತುಳಿದು, ಮೂಗಲ್ಲಿ ಕಿವೀಲಿ ರಕ್ತ ಬರಿಸಿದ್ದ, ಆಮೇಲೆ ಡಗ್ಲಾಸ್ ಕಡೆ ತಿರುಗಿ ನಿನಗೂ ಒಂದಿನ ಇದೇ ಗತಿ ಅಂದಿದ್ದ. ಹುಡುಗನ ಪುಣ್ಯ, ಯಜಮಾನನ ಮಗಳ ಕಡೆ ಪಾಲಿಗೆ ಬಿದ್ದ, ಬಾಲ್ಟಿಮೋರ್‌ಗೆ ವಾಪಸ್ ಹೋದ, ಮುಂದೆ ತಪ್ಪಿಸ್ಕೊಂಡ. ಪಾಲು ಆ ಕಡೆ ಹೋಗಿದ್ರೆ ಈ ಹೆಸರೇ ನಮಗೆ ಗೊತ್ತಿರ್ತಿರಲಿಲ್ಲವೇನೋ.

ಸರಿ, ವೇಲ್ಸ್ ಕಥೆಗೆ ಒಂದು ಬಾಲ ಇದೆ. ಅವನು ಬಿಟ್ಟುಹೋಗಿದ್ದು ಬರೀ ಜಮೀನು, ಜನ ಅಲ್ಲ, ಬ್ರಿಸ್ಟಲ್ಲಿನ ವ್ಯಾಪಾರಿಗಳ ದೊಡ್ಡ ಸಾಲನೂ ಬಿಟ್ಟುಹೋಗಿದ್ದ. ಮೊದ್ಲು ಸಾಲ ತೀರಿಸಿ ಆಮೇಲೆ ಉಳಿದಿದ್ದನ್ನ ಹಂಚ್ಕೊಳ್ಳೋಣ ಅಂತ ಅಳಿಯಂದ್ರು ಕಾಯ್ಲಿಲ್ಲ, ಆಸ್ತಿ ಹಂಚ್ಕೊಂಡು ಸಾಲನೂ ತಲೆಗಿಷ್ಟು ಅಂತ ಹೊತ್ಕೊಂಡ್ರು. ಜೆಫರ್ಸನ್ ತನ್ನ ಪಾಲಿಗೆ ಬಂದ 11,000 ಎಕರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಾರಿದ, ಅಷ್ಟರಲ್ಲಿ ಸ್ವಾತಂತ್ರ್ಯದ ಯುದ್ಧ ಬಂತು, ಕೊಂಡವರು ಕೊಟ್ಟ ನೋಟು ಬೆಲೆ ಕಳ್ಕೊಂಡ್ವು, ಸಾಲ ಹಾಗೇ ಉಳೀತು. ಆಮೇಲೆ ಮಾರಿದ್ದು ಮನುಷ್ಯರನ್ನ. 1784ರಿಂದ 94ರೊಳಗೆ ಮಾರಾಟದಲ್ಲೋ, ಮಗಳಿಗೆ ಬಳುವಳಿ ಥರ ಮನೆಯವರಿಗೆ ಕೊಟ್ಟೋ, 161 ಜನ ಅವನ ಕೈ ಬಿಟ್ಟು ಹೋದ್ರು. ಮಾವ ಮಾಡಿದ ಸಾಲದ ಕಂತು ಇವರು ಕಟ್ಟಿದ್ರು.

1826ರ ಜುಲೈ 4ಕ್ಕೆ ಜೆಫರ್ಸನ್ ಸತ್ತಾಗ ಒಂದು ಲಕ್ಷ ಡಾಲರ್‌ಗೂ ಮೀರಿದ ಸಾಲ ಇತ್ತು. ವಿಲ್ಲಲ್ಲಿ ಐದು ಜನರನ್ನ ಬಿಡುಗಡೆ ಮಾಡಿದ, ಐದೂ ಜನ ಬೆಟ್ಟಿ ಹೆಮಿಂಗ್ಸ್ ಮಕ್ಕಳು ಮೊಮ್ಮಕ್ಕಳು. ಅವರಲ್ಲಿ ಜೋ ಫಾಸೆಟ್ ಅಂತ ಕಮ್ಮಾರ ಒಬ್ಬ. ಅವನಿಗೆ ಬಿಡುಗಡೆ, ಹೆಂಡ್ತಿ ಈಡಿತ್‌ಗೆ ಇಲ್ಲ, ಮಕ್ಕಳಿಗೂ ಇಲ್ಲ. 1827ರ ಜನವರಿಲಿ ಜೆಫರ್ಸನ್ ಮನೆ ಮಾಂಟಿಸೆಲ್ಲೋದಲ್ಲಿ 130 ಜನರ ಹರಾಜಿಗೆ ಕರೆ ಹೊರಡಿಸಿದ್ರು, ಈಡಿತ್ ಮತ್ತೆ ಮಕ್ಕಳನ್ನ ಬೇರೆ ಬೇರೆ ಕಡೆಯವರು ಕೊಂಡ್ರು. ಜೋನ ಮಗ, 11 ವರ್ಷದ ಪೀಟರ್ ಕೂಡ ಆ ಹರಾಜಲ್ಲೇ ಹೋದ. ಜೋ ಆಮೇಲೆ ವರ್ಷಗಟ್ಟಲೆ ಕಬ್ಬಿಣ ಬಡಿದು, ಬಂಧುಗಳ ಸಹಾಯ ತಗೊಂಡು, ತನ್ನ ಹೆಂಡ್ತಿ ಮಕ್ಕಳಲ್ಲಿ ಕೈಗೆ ಸಿಕ್ಕಷ್ಟು ಜನರನ್ನ ದುಡ್ಡು ಕೊಟ್ಟು ಬಿಡಿಸ್ಕೊಂಡ.

ಈಗ ಒಂದು ಮಾತು ಬಂದೇ ಬರುತ್ತೆ, ಆ ಕಾಲ ಹಾಗಿತ್ತು ಸಾರ್, ಈಗ ಕೂತು ಬೈದ್ರೆ ಏನ್ ಬಂತು ಅಂತ. ಸ್ವಲ್ಪ ಒಪ್ತೀನಿ, ಸಾಲದಲ್ಲಿ ಮುಳುಗಿರೋನು ಗುಲಾಮರನ್ನ ಬಿಟ್ರೂ ಸಾಲ ಕೊಟ್ಟೋರು ಎಳ್ಕೊಂಡು ಹೋಗೋಕೆ ಕಾನೂನಲ್ಲಿ ದಾರಿ ಇತ್ತು. ಆದ್ರೆ ಅದೇ ವರ್ಜೀನಿಯಾದಲ್ಲಿ, ಅದೇ ಕಾಲದಲ್ಲಿ, ರಾಬರ್ಟ್ ಕಾರ್ಟರ್ ಅಂತ ಒಬ್ಬ ಇದ್ದ. ಅವನ ತಾತ 1732ರಲ್ಲಿ ಸಾಯೋವಾಗ ಸುಮಾರು ಮೂರು ಲಕ್ಷ ಎಕರೆ ಬಿಟ್ಟುಹೋದೋನು, ಜನ ಅವನನ್ನ ರಾಜ ಅಂತಲೇ ಕರೀತಿದ್ರು. ಮೊಮ್ಮಗ 1791ರಲ್ಲಿ ಕೋರ್ಟಿಗೆ ಹೋಗಿ ತನ್ನ 450ಕ್ಕೂ ಹೆಚ್ಚು ಗುಲಾಮರ ಹೆಸರು ಬರೆದ ಪತ್ರ ಕೊಟ್ಟ, ವರ್ಷ ವರ್ಷ ಇಷ್ಟಿಷ್ಟು ಜನ ಅಂತ ಎಲ್ರನ್ನೂ ಬಿಡ್ತೀನಿ ಅಂತ. ಬರೀ ವಿಲ್ಲಲ್ಲಿ ಬರೆದು ಸತ್ತಮೇಲೆ ನೋಡ್ಕೊಳ್ಳಿ ಅನ್ನಲಿಲ್ಲ, ಬದುಕಿದ್ದಾಗ್ಲೇ ಮಾಡಿದ. ಅಂದ್ರೆ ಮಕ್ಕಳ ಪಾಲಿಂದ ಅಷ್ಟು ಜನರನ್ನ ಮೊದಲೇ ಹೊರಗೆ ತೆಗೆದುಬಿಟ್ಟ. ಅಕ್ಕಪಕ್ಕದ ಪ್ಲಾಂಟರ್‌ಗಳಿಗೆ ಸಿಟ್ಟು ಬಂತು, ಕೊನೆಗೆ ಅವನು ಊರು ಬಿಟ್ಟು ಬಾಲ್ಟಿಮೋರ್‌ಗೆ ಹೋಗಿ ಇದ್ದ. ಜೆಫರ್ಸನ್ ಹೆಸರು ಸ್ಕೂಲ್ ಮಕ್ಕಳಿಗೂ ಗೊತ್ತು. ಈ ಕಾರ್ಟರ್ ಹೆಸರು ನೀವು ಇವತ್ತಿನವರೆಗೂ ಕೇಳಿದ್ರಾ?