ಅಂತಿಮ ವಿನ್ಯಾಸ ವರದಿಯಲ್ಲಿ ಪ್ರತಿ ಅಂಕಿಗೂ ಒಂದು ಮೂಲವಿರಲಿ

ನಮಸ್ಕಾರ. ಕೋಲಾರದ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ರಾಕೆಟ್ ಕಟ್ಟಲು ಮುಂದಾದರೆ ನನಗೆ ಬಹಳ ಸಂತೋಷವಾಗುತ್ತದೆ. ಆ ಕಾರಣಕ್ಕೇ ಅವರ ಅಂತಿಮ ವಿನ್ಯಾಸ ವರದಿಯ ಬಗ್ಗೆ ಇಂದು ಖಡಾಖಂಡಿತವಾಗಿ ಮಾತನಾಡುತ್ತೇನೆ. ವರದಿಯಲ್ಲಿ ಬರುವ ಪ್ರತಿಯೊಂದು ಅಂಕಿಯೂ ಲೆಕ್ಕ ಹಾಕಿದ್ದೋ, ಅಳೆದದ್ದೋ ಅಥವಾ ಅಂದಾಜೋ ಎಂಬುದನ್ನು ಅದರ ಪಕ್ಕದಲ್ಲೇ ಬರೆದಿರಬೇಕು.

ಸ್ಥಿರತೆಯನ್ನೇ ನೋಡಿ. ಗುರುತ್ವಕೇಂದ್ರವು (ಇಡೀ ತೂಕ ಸಮತೋಲಗೊಳ್ಳುವ ಬಿಂದು) ಒತ್ತಡಕೇಂದ್ರಕ್ಕಿಂತ (ಗಾಳಿಯ ಬಲವೆಲ್ಲ ಒಟ್ಟಾಗಿ ಬೀಳುವ ಬಿಂದು) ಕನಿಷ್ಠ ರಾಕೆಟ್ಟಿನ ಒಂದು ವ್ಯಾಸದಷ್ಟಾದರೂ ಮುಂದಿರಬೇಕೆಂಬುದು ಎಲ್ಲರಿಗೂ ಗೊತ್ತು, ರಾಕೆಟ್ಟಿನ ಹಾರಾಟವನ್ನು ಮೊದಲೇ ಲೆಕ್ಕ ಹಾಕುವ ಓಪನ್‌ರಾಕೆಟ್ ತಂತ್ರಾಂಶವೂ ಅದನ್ನು ತೋರಿಸುತ್ತದೆ. ಆದರೆ ರೆಕ್ಕೆಗಳ ಬುಡಕ್ಕೆ ಹಾಕಿದ ಎಪಾಕ್ಸಿ ಅಂಟು, ಬಳಿದ ಬಣ್ಣ, ಕೊನೆಗೆ ಸೇರಿಸಿದ ಬೋಲ್ಟುಗಳು ತಂತ್ರಾಂಶದೊಳಗೆ ತಾವಾಗಿಯೇ ಹೋಗುವುದಿಲ್ಲ. ಇವು ಸಾಮಾನ್ಯವಾಗಿ ಹಿಂಭಾಗದ ತೂಕವನ್ನು ಹೆಚ್ಚಿಸಿ ಗುರುತ್ವಕೇಂದ್ರವನ್ನು ಹಿಂದಕ್ಕೆ ಎಳೆಯುತ್ತವೆ. ಆದ್ದರಿಂದ ಮೋಟಾರಿನಷ್ಟೇ ತೂಕದ ಡಮ್ಮಿಯನ್ನು ಅದರ ಜಾಗದಲ್ಲಿಟ್ಟು, ಇಡೀ ರಾಕೆಟ್ಟನ್ನು ಹಗ್ಗದಲ್ಲಿ ತೂಗುಹಾಕಿ, ಅದು ಸಮತೋಲನಕ್ಕೆ ಬರುವ ಬಿಂದುವನ್ನು ಗುರುತಿಸಿ, ಆ ಅಳತೆಯನ್ನು ತಂತ್ರಾಂಶದ ಅಂಕಿಯ ಜೊತೆಗೇ ದಾಖಲಿಸಬೇಕು.

ಇನ್ನು ನಮ್ಮ ನೆಲದ ವಿಷಯ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 8ರಷ್ಟು ಕಡಿಮೆ. ಅದೇ ಪ್ಯಾರಾಚೂಟ್ ಇಲ್ಲಿ ಸುಮಾರು ಶೇ. 4ರಷ್ಟು ವೇಗವಾಗಿ ಇಳಿಯುತ್ತದೆ. ಬೇರೆ ಊರಿನ ತಂಡದ ಕೋಷ್ಟಕವನ್ನು ಹಾಗೇ ಇಳಿಸಿಕೊಂಡ ವರದಿಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಗಾಳಿಗೆ ತೇಲುವ ದೂರವಂತೂ ನನಗೆ ಎಲ್ಲಕ್ಕಿಂತ ಮುಖ್ಯ. 1,000 ಮೀಟರ್ ಎತ್ತರದಲ್ಲೇ ದೊಡ್ಡ ಪ್ಯಾರಾಚೂಟ್ ಬಿಚ್ಚಿಕೊಂಡು ರಾಕೆಟ್ ಸೆಕೆಂಡಿಗೆ 6 ಮೀಟರಿನಂತೆ ಇಳಿದರೆ, ಸೆಕೆಂಡಿಗೆ 5 ಮೀಟರ್ ಬೀಸುವ ಗಾಳಿ ಅದನ್ನು 800 ಮೀಟರಿಗೂ ಆಚೆ ಒಯ್ಯುತ್ತದೆ. ಮೊದಲು ಸಣ್ಣ ಡ್ರೋಗ್ ಪ್ಯಾರಾಚೂಟಿನಲ್ಲಿ ಸೆಕೆಂಡಿಗೆ 20 ಮೀಟರಿನಂತೆ ಇಳಿಸಿ, ದೊಡ್ಡದನ್ನು 150 ಮೀಟರಿನಲ್ಲಿ ಬಿಚ್ಚಿದರೆ ಆ ದೂರ 340 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಬತ್ತಿದ ಕೆರೆಯಂಗಳದಲ್ಲಿ ಹಾರಿಸುವವರಿಗೆ ಈ ಎರಡು ಅಂಕಿಗಳ ನಡುವೆ ಯಾರದೋ ಟೊಮೆಟೊ ತೋಟವೂ ಅಲ್ಲಿ ಕೆಲಸ ಮಾಡುವ ಜನರೂ ಇರುತ್ತಾರೆ. ಹಾಗಾಗಿ ಉಡಾವಣಾ ಸ್ಥಳದ ನಕ್ಷೆಯ ಮೇಲೆ ಬೇರೆ ಬೇರೆ ಗಾಳಿವೇಗಗಳಿಗೆ ವೃತ್ತಗಳನ್ನು ಎಳೆದು ತೋರಿಸದ ವರದಿಗೆ ನಾನು ಒಪ್ಪಿಗೆ ಕೊಡಲಾರೆ.

ಮುಖಪುಟದ ಅಂದ, ಬಣ್ಣದ ಚಿತ್ರಗಳು ಆಮೇಲಿನ ಮಾತು. ಪ್ಯಾರಾಚೂಟ್ ಹೊರದೂಡುವ ವ್ಯವಸ್ಥೆಯನ್ನು ಮಾರ್ಗದರ್ಶಕರ ಸಮ್ಮುಖದಲ್ಲಿ ನೆಲದ ಮೇಲೆ ಪರೀಕ್ಷಿಸಿದಾಗ ಅದು ಅರ್ಧಕ್ಕೇ ಸಿಕ್ಕಿಕೊಂಡಿದ್ದರೆ ಅದನ್ನು ಮುಚ್ಚಿಡದೆ, ಏಕೆ ಸಿಕ್ಕಿಕೊಂಡಿತು, ಏನನ್ನು ಬದಲಿಸಿದಿರಿ, ಮರುಪರೀಕ್ಷೆಯಲ್ಲಿ ಏನಾಯಿತು ಎಂದು ವಿವರವಾಗಿ ಬರೆಯಿರಿ. ನಾನು ಮೊದಲು ತೆರೆದು ಓದುವುದು ಆ ಪುಟವನ್ನೇ.