ಕಾಸ್ಟಿಂಗ್ ನೋಟ್ಸ್, ಬೈ ಟೂ ಕಾಫಿ, ಒಂದು ಖಾಲಿ ಮಧ್ಯಾಹ್ನ

ಎಲ್ಲರಿಗೂ ನಮಸ್ಕಾರ. ಹಿಂದೆ ಕೇಳುತ್ತಿರುವ ಗಡಗಡ ಸದ್ದು ನಮ್ಮ ಪಿಜಿಯ ವಾಷಿಂಗ್ ಮಷೀನ್. ಟೆರೇಸ್ ಬಿಟ್ಟರೆ ಈ ವೀಡಿಯೋಗೆ ವಾಯ್ಸ್ ಓವರ್ ಮಾಡೋಕೆ ಇಡೀ ಕಟ್ಟಡದಲ್ಲಿ ಬೇರೆ ಜಾಗ ಇಲ್ಲ. ಮಷೀನ್ ಇರೋದೂ ಇಲ್ಲೇ. ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.

ಬೆಳಗ್ಗೆ ಬಸ್ ಸ್ಟಾಪ್. ಈಗ ಬಂದಿದ್ದು ವಜ್ರ. ಎಸಿ, ಅರ್ಧಕ್ಕರ್ಧ ಖಾಲಿ, ಬಾಗಿಲು ತೆಗೆದು ನಮಗೋಸ್ಕರ ನಿಂತಿದೆ. ಒಬ್ಬರೂ ಹತ್ತುವುದಿಲ್ಲ ನೋಡಿ. ಶಕ್ತಿ ಯೋಜನೆ ವಜ್ರಕ್ಕೆ ಇಲ್ಲ, ಸಾದಾ ಬಸ್ಸಿಗೆ ಮಾತ್ರ. 2023ರ ಜೂನ್ 11ಕ್ಕೆ ಅದು ಶುರುವಾದಾಗ ನಾನಿನ್ನೂ ಊರಲ್ಲಿದ್ದೆ. ಟಿಕೆಟ್ ಇಲ್ಲದೆ ಬಸ್ಸಲ್ಲಿ ಓಡಾಡೋದಾ ಅಂತ ನಮ್ಮಜ್ಜಿ ಕೂತು ನಕ್ಕಿದ್ದರು. ಟಿಕೆಟ್ ಇರುತ್ತೆ ಅಜ್ಜಿ, ಅದರ ಮೇಲೆ ಸೊನ್ನೆ ಅಂತ ಇರುತ್ತೆ. ಕಂಡಕ್ಟರ್‌ಗೆ ತೋರಿಸೋ ಆಧಾರ್ ಕಾರ್ಡನ್ನು ಬ್ಲರ್ ಮಾಡಿದ್ದೇನೆ. ನಂಬರ್ ಕಾಣಬಾರದು ಅಂತ ಅಲ್ಲ, ಫೋಟೋ ಕಾಣಬಾರದು ಅಂತ.

ಕಿಟಕಿ ಸೀಟು ಸಿಕ್ಕಿತು! ಬೆಳಗ್ಗೆ ಒಂಬತ್ತು ಗಂಟೆಗೆ, ಮೆಜೆಸ್ಟಿಕ್ ಕಡೆ ಹೋಗೋ ಬಸ್ಸಲ್ಲಿ. ಪಕ್ಕದಲ್ಲಿದ್ದ ಆಂಟಿ ಹೂ ಕಟ್ಟುತ್ತಿದ್ದರು. ಅವರ ಮುಖ ತೋರಿಸಿಲ್ಲ, ಕೈ ಮಾತ್ರ ನೋಡಿ. ಬಸ್ ಬ್ರೇಕ್ ಹಾಕಿದರೂ ದಾರ ನಿಲ್ಲಲ್ಲ. ಇಳಿಯುವಾಗ ಒಂದು ತುಂಡು ಕಾಕಡ ಕಿತ್ತು ನನ್ನ ಕೈಗೆ ಕೊಟ್ಟರು. ಯಾಕೆ ಅಂತ ಕೇಳೋಷ್ಟರಲ್ಲಿ ಇಳಿದೇ ಹೋದರು. ನಾನು ಹೂ ಮುಡಿಯೋಳಲ್ಲ. ಇವತ್ತು ಮುಡಿದೆ.

ಕಾಲೇಜ್ ಒಳಗೆ ಶೂಟ್ ಮಾಡೋ ಹಾಗಿಲ್ಲ, ಅದಕ್ಕೇ ಕಟ್. ಮಧ್ಯಾಹ್ನದ ಎರಡೂ ಅವರ್ ಸರ್ ಬರಲ್ಲ ಅಂತ ಗ್ರೂಪಲ್ಲಿ ಮೆಸೇಜ್ ಬಂತು. ಆ ಕೂಗು ಕೇಳಿಸಿತಾ? ಅದು ನಮ್ಮ ಕ್ಲಾಸ್.

ಈಗ ವಿಷಯಕ್ಕೆ ಬರೋಣ. ಜೆರಾಕ್ಸ್ ಅಂಗಡಿ.

ಸೋಮವಾರ ಇಂಟರ್ನಲ್ಸ್. ಕಾಸ್ಟ್ ಅಕೌಂಟಿಂಗ್, ಅಂದರೆ ಮಾಲು ತಯಾರಿಸೋ ಖರ್ಚಿನ ಲೆಕ್ಕ. ಸೀನಿಯರ್ ಅಕ್ಕ ಕಳಿಸಿದ ಪಿಡಿಎಫ್, ಒಟ್ಟು 112 ಪುಟ. ಹಿಂದೆ ಮುಂದೆ ಪ್ರಿಂಟ್ ಅಂದರೆ 56 ಹಾಳೆ. ಹಾಳೆಗೆ ಒಂದೂವರೆ ರೂಪಾಯಿ, ಹಾಗಾಗಿ 84. ಸ್ಪೈರಲ್‌ಗೆ 40. ಒಟ್ಟು 124. ನೋಡಿ, ಕಾಸ್ಟಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಯಿತು.

ಅಂಕಲ್ ಕಟ್ಟು ಕೊಟ್ಟರು. ಮೊದಲ ಪುಟ ಸರಿ ಇದೆ. ತಿರುಗಿಸಿದೆ, ಎರಡನೇ ಪುಟ ತಲೆಕೆಳಗು. ಮೂರು ಸರಿ, ನಾಲ್ಕು ತಲೆಕೆಳಗು. ಹೀಗೇ ಕೊನೆವರೆಗೂ! ಕ್ಯಾಮೆರಾ ಅಲ್ಲಾಡುತ್ತಿದೆಯಲ್ಲ, ಅದು ನನ್ನ ಕೋಪ.

“ಅಂಕಲ್, ಏನಿದು?”

“ಏನಮ್ಮಾ, ಹಿಂದೆ ಮುಂದೆ ಅಂದ್ರಿ, ಹಿಂದೆ ಮುಂದೆ ಬಂದಿದೆ.”

“ಹಿಂದಿಂದು ಉಲ್ಟಾ ಬಂದಿದೆ ಅಂಕಲ್.”

“ಹಂಗೆ ತಿರುಗಿಸಬೇಡಿ. ಕ್ಯಾಲೆಂಡರ್ ಥರ ಮೇಲಕ್ಕೆ ಎತ್ತಿ.”

ವಿಷಯ ಏನಂದರೆ, ಪ್ರಿಂಟರ್‌ನಲ್ಲಿ ಎರಡು ಸೆಟ್ಟಿಂಗ್ ಇರುತ್ತೆ. ಹಾಳೆಯ ಉದ್ದದ ಅಂಚಿಂದ ತಿರುಗಿಸೋದು ಒಂದು, ಗಿಡ್ಡ ಅಂಚಿಂದ ತಿರುಗಿಸೋದು ಇನ್ನೊಂದು. ಪುಸ್ತಕದ ಥರ ಓದಬೇಕಾದರೆ ಉದ್ದದ ಅಂಚು ಒತ್ತಬೇಕು. ಇವರು ಇನ್ನೊಂದನ್ನು ಒತ್ತಿದ್ದಾರೆ. ಮತ್ತೆ ಮಾಡಿಕೊಡಿ ಅಂದರೆ ಮತ್ತೆ 84 ರೂಪಾಯಿ ಅಂತಾರೆ. ಯಾಕೆ ಅಂದರೆ, ನೀವು ಹೇಳಲಿಲ್ಲ ಅಂತಾರೆ. ಅಲ್ಲ, ಹೋಟೆಲಲ್ಲಿ ಇಡ್ಲಿ ಕೇಳುವಾಗ ಬೇಯಿಸಿದ್ದು ಕೊಡಿ ಅಂತ ಬಿಡಿಸಿ ಹೇಳ್ತೀವಾ?

ಜಗಳ ಆಡುವಾಗ ನನ್ನ ಕೈಯಲ್ಲಿ ತೆರೆದಿದ್ದ ಪುಟ ಪ್ರೋಸೆಸ್ ಕಾಸ್ಟಿಂಗ್, ಹಂತ ಹಂತವಾಗಿ ತಯಾರಾಗೋ ಮಾಲಿನ ಖರ್ಚಿನ ಲೆಕ್ಕ. ಅದರಲ್ಲಿ ಲಾಸ್ ಎರಡು ಥರ. ನಾರ್ಮಲ್ ಲಾಸ್ ಅಂದರೆ ಕೆಲಸದಲ್ಲಿ ಆಗೇ ಆಗುವಂಥದ್ದು, ಅದರ ಖರ್ಚನ್ನು ಒಳ್ಳೆ ಮಾಲಿನ ಮೇಲೆ ಹಂಚುತ್ತಾರೆ. ಅಬ್‌ನಾರ್ಮಲ್ ಲಾಸ್ ಅಂದರೆ ಆಗಬಾರದಿತ್ತು, ಆಯಿತು. ಅದನ್ನು ಮಾಲಿನ ಬೆಲೆಗೆ ಸೇರಿಸುವ ಹಾಗಿಲ್ಲ, ಸೀದಾ ಕಾಸ್ಟಿಂಗ್ ಪ್ರಾಫಿಟ್ ಅಂಡ್ ಲಾಸ್ ಅಕೌಂಟಿಗೆ ಹಾಕಬೇಕು. ಇದು ಪಕ್ಕಾ ಅಬ್‌ನಾರ್ಮಲ್, ನಿಮ್ಮ ಲೆಕ್ಕಕ್ಕೇ ಬರೆದುಕೊಳ್ಳಿ ಅಂತ ಅಂಕಲ್‌ಗೆ ಹೇಳಿದೆ. ನನ್ನ ಫ್ರೆಂಡ್ ನಕ್ಕು ನಕ್ಕು ಗಾಜಿನ ಕೌಂಟರ್ ಮೇಲೆ ಬಿದ್ದಳು. ಅಂಕಲ್ ನಗಲಿಲ್ಲ. “ಸ್ಪೈರಲ್ ಮೇಲ್ಗಡೆ ಹಾಕಿಕೊಡ್ತೀನಿ, ಸರಿಹೋಗುತ್ತೆ” ಅಂದರು. ಹಿಂದೆ ಕ್ಯೂ ಇತ್ತು. ಒಬ್ಬ ಹುಡುಗ ಹಾಲ್ ಟಿಕೆಟ್ ಹಿಡಿದುಕೊಂಡು ನನ್ನ ಕಡೆನೇ ಗುರಾಯಿಸುತ್ತಿದ್ದ. ಸರಿ ಹಾಕಿ ಅಂದೆ. 124 ಪೂರ್ತಿ ತಗೊಂಡರು. ಒಂದು ರೂಪಾಯಿ ಬಿಡಲಿಲ್ಲ. ಆ ಅಂಗಡಿಗೆ ಇನ್ನು ಕಾಲಿಡಲ್ಲ.

ಈ ಶಾಟ್ ಮುಗೀತಾ ಬಂತು, ಮುಂದೆ ಹೋಗೋಣ.

ದರ್ಶಿನಿ. ಬೈ ಟೂ ಕಾಫಿ. ಎರಡು ಲೋಟ ಹತ್ತಿರದಿಂದ ತೋರಿಸಿದ್ದೇನೆ. ಇದು ಅರ್ಧ ಅರ್ಧ ಅಂತ ಅನ್ನಿಸುತ್ತಾ? ಎರಡೂ ಸೇರಿಸಿದರೆ ಒಂದು ಫುಲ್ ಕಾಫಿಗಿಂತ ಜಾಸ್ತಿನೇ ಇದೆ. ಬೆಂಗಳೂರಲ್ಲಿ ದುಡ್ಡು ಕೊಟ್ಟದ್ದಕ್ಕಿಂತ ಜಾಸ್ತಿ ಸಿಗೋ ವಸ್ತು ಇದೊಂದೇ. ಎಸಿ ಕೆಫೆಗಳ ಕಾಫಿ ನನಗೆ ಸೇರಲ್ಲ. ಫ್ರೆಂಡ್ ದುಡ್ಡು ಕೊಟ್ಟರೆ ಸೇರುತ್ತೆ.

ಅಲ್ಲಿಂದ ಕಬ್ಬನ್ ಪಾರ್ಕ್. ಅಯ್ಯೋ, ಈ ಮರ ನೋಡಿ! ಎಲೆ ಕಾಣಲ್ಲ, ಬರೀ ಗುಲಾಬಿ ಬಣ್ಣ. ಟಬೂಬಿಯಾ. ಕಳೆದ ವಾರ ಇದೇ ದಾರಿಯಲ್ಲಿ ಹೋಗಿದ್ದೆ, ಏನೂ ಇರಲಿಲ್ಲ. ಇದು ನಮ್ಮ ದೇಶದ ಮರ ಅಲ್ಲ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕ ಕಡೆಯದು. ಒಂದು ಮರದ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಜಾತಿ ಶುರುವಾಗಬೇಕು, ಊರಲ್ಲಿ ವರ್ಷವಿಡೀ ಹೂ ಇರಬೇಕು ಅಂತ ಲೆಕ್ಕ ಹಾಕಿ ಗಿಡ ನೆಡಿಸಿದವರು ಕ್ರುಂಬಿಗಲ್. ಜರ್ಮನಿಯವರು, 1908ರಲ್ಲಿ ಲಾಲ್‌ಬಾಗ್ ನೋಡಿಕೊಳ್ಳೋಕೆ ಬಂದವರು ಇಲ್ಲೇ ಉಳಿದುಬಿಟ್ಟರು. ಲಾಲ್‌ಬಾಗ್ ಹತ್ತಿರ ಅವರ ಹೆಸರಿನ ರಸ್ತೆನೂ ಇದೆ. ಮರದ ಕೆಳಗೆ ರೀಲ್ ಮಾಡೋರ ಕ್ಯೂ ನೋಡಿ. ನಿಂತು ಬರೀ ನೋಡೋಕೆ ಏನು ಕಷ್ಟ ಇವರಿಗೆ? ಸರಿ, ನಾನೂ ಒಂದು ಮಾಡಿದೆ. ಅದು ಇನ್ಸ್ಟಾದಲ್ಲಿ ಇದೆ.

ಆ ಕೆಂಪು ಕಟ್ಟಡ ಸ್ಟೇಟ್ ಸೆಂಟ್ರಲ್ ಲೈಬ್ರರಿ. ಮುಂದೆ ನಿಂತಿರೋದು ಶೇಷಾದ್ರಿ ಅಯ್ಯರ್ ಪ್ರತಿಮೆ, ಮೈಸೂರು ಸಂಸ್ಥಾನದ ದಿವಾನರು. ಶಿವನಸಮುದ್ರದಲ್ಲಿ ಕರೆಂಟ್ ತಯಾರಿಸೋ ಕೆಲಸ ಇವರ ಕಾಲದಲ್ಲೇ ಶುರುವಾಯಿತು. ಅಲ್ಲಿಂದ ಕರೆಂಟ್ ಬಂದು 1905ರಲ್ಲಿ ಬೆಂಗಳೂರಿನ ಬೀದಿ ದೀಪ ಉರಿದವು. ಅದನ್ನು ನೋಡೋಕೆ ಅವರೇ ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಪಾಪ ಅಲ್ವಾ? ಓದೋಣ ಅಂತ ಬಂದು ಪ್ರತಿಮೆ ಹತ್ತಿರ ಅರ್ಧ ಗಂಟೆ ಹರಟೆ ಹೊಡೆದೆವು.

ವಾಪಸ್ ಬಸ್. ಸೀಟ್ ಇಲ್ಲ, ನಿಂತಿದ್ದೇನೆ. ಈಗ ಗಮನ ಇಟ್ಟು ನೋಡಿ. ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ನೋಟ್ಸ್. ಪುಸ್ತಕದ ಥರ ಇದ್ದಿದ್ದರೆ ಎರಡು ಕೈ ಬೇಕಿತ್ತು. ಇದು ಹೆಬ್ಬೆರಳಲ್ಲಿ ಮೇಲಕ್ಕೆ ತಳ್ಳಿದರೆ ಸಾಕು, ಹಿಂದಕ್ಕೆ ಮಡಚಿಕೊಳ್ಳುತ್ತೆ. ಮುಂದಿನ ಪುಟ ಸೀದಾ ಕಾಣುತ್ತೆ. ಪಕ್ಕದವರ ಹೊಟ್ಟೆಗೆ ಮೊಣಕೈ ತಿವಿಯಲ್ಲ. ಇಳಿಯೋ ಹೊತ್ತಿಗೆ ನಾರ್ಮಲ್ ಲಾಸ್‌ನ ಮೂರು ಲೆಕ್ಕ ಓದಿ ಮುಗಿಸಿದ್ದೆ. ಬಸ್ಸಲ್ಲಿ ನಿಂತುಕೊಂಡೇ! ಪಿಜಿಯಲ್ಲಿ ಟೇಬಲ್ ಮುಂದೆ ಕೂತರೂ ನಾನು ಅಷ್ಟು ಓದಲ್ಲ.

ಬಿಸಿನೆಸ್ ಲಾ ನೋಟ್ಸನ್ನೂ ಹೀಗೇ ಮಾಡಿಸುತ್ತೇನೆ, ಬೇಕು ಅಂತಲೇ. ಅದೇ ಅಂಗಡಿಗೆ ಹೋಗಬೇಕಾಗುತ್ತೆ. ಹೋಗ್ತೀನಿ. ಆದರೆ ಅಂಕಲ್ ಮುಂದೆ ಇದು ಚೆನ್ನಾಗಿದೆ ಅಂತ ಒಪ್ಪಿಕೊಳ್ಳಲ್ಲ. 20 ರೂಪಾಯಿ ಆದರೂ ಬಿಡಬೇಕಿತ್ತು ಅವರು. ಕಾಮೆಂಟ್‌ನಲ್ಲಿ ಹೇಳಿ, ನಿಮ್ಮ ಏರಿಯಾದಲ್ಲಿ ಸ್ಪೈರಲ್‌ಗೆ ಎಷ್ಟು ತಗೋತಾರೆ? 40 ಜಾಸ್ತಿನಾ, ಇಲ್ಲ ನಾನೇ ಕಂಜೂಸ್ ಆಗಿದ್ದೀನಾ?

ಇದು ರಾತ್ರಿ ಊಟ. ಮೆನುವಿನಲ್ಲಿ ಅನ್ನ ಸಾರು ಅಂತ ಬರೆದಿದ್ದರು, ನೋಡಿದರೆ ಪೂರಿ! ಅಡುಗೆ ಅಕ್ಕನ ಮಗ ಏನೋ ಪಾಸಾಗಿದ್ದಾನಂತೆ. ಸಾಗು ಸುಮಾರಾಗಿದೆ, ಉಪ್ಪು ಕಮ್ಮಿ. ಪೂರಿ ಮಾತ್ರ ಉಬ್ಬಿ ಬರುತ್ತಿದೆ. ಇನ್ನೆರಡು ಕೊಡ್ತಾರಾ ಅಂತ ಕೇಳಿ ಬರ್ತೀನಿ, ಲೈನ್ ಉದ್ದ ಆಗ್ತಿದೆ, ಬೈ.