ಗಾಳಿಯೇ ಇಲ್ಲ, ಆದರೂ ಬಂಡೆಯ ಪಕ್ಕ ಕಡಲು ಯಾಕೆ ಕುದಿಯುತ್ತದೆ?

ನಮಸ್ಕಾರ. ಈ ಸಲದ ಪ್ರಶ್ನೆ ನಮ್ಮ ವೀಕ್ಷಕರೊಬ್ಬರದ್ದು. ಓದುತ್ತೇನೆ, ಕೇಳಿ: "ಗಾಳಿ ಒಂದು ಚೂರೂ ಇರಲಿಲ್ಲ. ದಡದಿಂದ ಆಚೆ ಪ್ಯಾಡಲ್‌ಬೋರ್ಡ್ ಮೇಲೆ ಆರಾಮಾಗಿ ನಿಂತಿದ್ದೆ. ಫೋಟೋಗೆ ಅಂತ ಕಡಿದಾದ ಬಂಡೆಯ ಹತ್ತಿರ ಹೋದೆ. ಹೋದ ಕೂಡಲೇ ದಬಕ್ ಅಂತ ಬಿದ್ದೆ. ಕಯಾಕಿನಲ್ಲಿದ್ದ ಗೆಳೆಯ ಮಾತ್ರ ನಗುತ್ತಾ ಕೂತಿದ್ದ. ಯಾಕೆ ಹೀಗೆ?"

ಗೆಳೆಯ ನಕ್ಕಿದ್ದು ಯಾಕೆ ಅಂತ ನನಗೆ ಗೊತ್ತಿಲ್ಲ. ಉಳಿದದ್ದು ಹೇಳಬಲ್ಲೆ.

ಬೇಸಿಕ್ಸ್ ಬೇಗ ಮುಗಿಸೋಣ. ಕಯಾಕ್ ಅಂದರೆ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ. ಪ್ಯಾಡಲ್‌ಬೋರ್ಡ್ ಅಂದರೆ ನಿಂತು ಹುಟ್ಟು ಹಾಕುವ ಅಗಲವಾದ ಹಲಗೆ. ಅಲೆ ಅಂದರೆ ನೀರಿನ ಮೂಲಕ ಸಾಗುವ ಶಕ್ತಿ. ನೀರು ಸುಮ್ನೆ ಇದ್ದಲ್ಲೇ ಸುತ್ತು ಹಾಕುತ್ತದೆ ಅಷ್ಟೇ. ಸಾಕು, ಮುಂದೆ ಹೋಗೋಣ.

[ಪರದೆಯಲ್ಲಿ: ಎಡಗಡೆ ಮರಳಿನ ದಡ, ಬಲಗಡೆ ನೇರ ಬಂಡೆ]

ಮರಳಿನ ದಡಕ್ಕೆ ಬಂದ ಅಲೆಯ ಕೆಳಗೆ ನೆಲ ನಿಧಾನವಾಗಿ ಮೇಲೇರುತ್ತದೆ. ಅಲೆ ಮುಗ್ಗರಿಸುತ್ತದೆ, ಮುರಿಯುತ್ತದೆ, ನೊರೆಯಾಗಿ ಸುಸ್ತಾಗುತ್ತದೆ. ಬಂಡೆಗೋಡೆಯ ಕತೆ ಬೇರೆ. ಬುಡದಲ್ಲೇ ಆಳದ ನೀರು ಇದ್ದರೆ ಅಲೆಗೆ ಮುರಿಯಲು ಜಾಗವೇ ಸಿಗುವುದಿಲ್ಲ. ಗೋಡೆಗೆ ತಾಗಿ, ಹೆಚ್ಚೂ ಕಡಿಮೆ ಇಡೀ ಶಕ್ತಿಯ ಜೊತೆ ವಾಪಸ್ ಹೊರಡುತ್ತದೆ. ಅಷ್ಟರಲ್ಲಿ ಹಿಂದಿನ ಅಲೆ ಎದುರಿಗೆ ಬರುತ್ತಿರುತ್ತದೆ. ಎರಡರ ಎತ್ತರ ಕೂಡಿಕೊಳ್ಳುತ್ತದೆ. ಆಚೆ ಕಡೆ ಅರ್ಧ ಮೀಟರ್ ಇದ್ದ ಅಲೆ ಗೋಡೆಯ ಬಳಿ ಒಂದು ಮೀಟರ್‌ವರೆಗೂ ಎದ್ದು ಕೂರಬಹುದು. ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ. ನಿಂತಲ್ಲೇ ಮೇಲೆ, ಕೆಳಗೆ. ಕಯಾಕಿನವರು ಇದಕ್ಕೆ ಕ್ಲಾಪೋಟಿಸ್ ಅನ್ನುತ್ತಾರೆ.

ತುಂಬಿದ ಬಕೆಟ್ ಎತ್ತಿಕೊಂಡು ನಡೆದಿದ್ದೀರಿ ಅಲ್ವಾ? ನೀರು ಒಂದು ಬದಿ ಏರಿದರೆ ಇನ್ನೊಂದು ಬದಿ ಇಳಿಯುತ್ತದೆ. ನಡುವಿನಲ್ಲಿ ಏರಿಳಿತ ಕಡಿಮೆ, ಅಂಚಿನಲ್ಲೇ ಕುಣಿತ ಜಾಸ್ತಿ. ಚೆಲ್ಲುವುದೂ ಅಂಚಿನಲ್ಲೇ, ಅದೂ ನಿಮ್ಮ ಕಾಲಿನ ಮೇಲೇ. ನೀವು ಫೋಟೋಗೆ ಅಂತ ಹೋಗಿ ನಿಂತ ಜಾಗ ಆ ಅಂಚು.

ಕಡಲಿನಲ್ಲಿ ಇನ್ನೂ ಒಂದು ತಾಪತ್ರಯ ಇದೆ. ಅಲೆಗಳು ಗೋಡೆಗೆ ನೇರವಾಗಿ ಬರುವುದು ಅಪರೂಪ. ಓರೆಯಾಗಿ ಬಂದು ಓರೆಯಾಗಿ ವಾಪಸ್ ಹೋಗುತ್ತವೆ. ಎರಡು ಸಾಲು ಅಡ್ಡಡ್ಡ ಹಾಯುವ ಜಾಗದಲ್ಲಿ ನೀರು ಚೂಪಾಗಿ, ಪುಟ್ಟ ಪಿರಮಿಡ್ ಥರ ಮೇಲೇಳುತ್ತದೆ. ಎಲ್ಲಿ ಏಳುತ್ತದೆ ಅಂತ ಊಹಿಸುವುದು ಕಷ್ಟ. ಎದ್ದದ್ದು ಮರುಕ್ಷಣ ಮಾಯ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಹುಟ್ಟು ಹಾಕಲು ಇದರಿಂದ ಕವಡೆ ಕಾಸಿನ ಉಪಯೋಗ ಇಲ್ಲ. ಆದರೂ ಹೇಳುತ್ತೇನೆ.

ಭೂಕಂಪ ಅಳೆಯುವ ಯಂತ್ರಗಳು ಭೂಕಂಪ ಇಲ್ಲದಿದ್ದಾಗಲೂ ಸುಮ್ಮನಿರುವುದಿಲ್ಲ. ಕಡಲಿನಿಂದ ಬಹಳ ದೂರ, ಖಂಡದ ನಡುವೆ ಇಟ್ಟರೂ ಸಣ್ಣಗೆ ನಡುಗುತ್ತಲೇ ಇರುತ್ತವೆ. ಈ ನಡುಕಕ್ಕೂ ಕಡಲಿನ ಅಲೆಗೂ ಸಂಬಂಧ ಇದೆ ಅನ್ನುವುದು ಮೊದಲೇ ಗೊತ್ತಿತ್ತು. ಲೆಕ್ಕ ಮಾತ್ರ ಹೊಂದುತ್ತಿರಲಿಲ್ಲ. ಕಡಲಿನಲ್ಲಿ ಅಲೆ 12 ಸೆಕೆಂಡಿಗೊಂದು ಬಂದರೆ ನೆಲ 6 ಸೆಕೆಂಡಿಗೊಮ್ಮೆ ನಡುಗುತ್ತಿತ್ತು. ಸರಿಯಾಗಿ ಅರ್ಧ! ಜೊತೆಗೆ, ಮಾಮೂಲಿ ಅಲೆಯ ಒತ್ತಡ ಆಳಕ್ಕೆ ಹೋದಂತೆ ಸತ್ತೇ ಹೋಗುತ್ತದೆ. ಕಿಲೋಮೀಟರ್‌ಗಟ್ಟಲೆ ಕೆಳಗಿನ ನೆಲವನ್ನು ಅಲುಗಿಸುವುದು ಯಾರು?

1950ರಲ್ಲಿ ಬ್ರಿಟನ್ನಿನ ಗಣಿತಜ್ಞ ಮೈಕಲ್ ಲಾಂಗೆಟ್-ಹಿಗಿನ್ಸ್ ಉತ್ತರ ಕೊಟ್ಟರು. ಎದುರುಬದುರು ಬರುವ ಅಲೆಗಳು!

[ಪರದೆಯಲ್ಲಿ: ನಿಂತ ಅಲೆ, ನಿಧಾನ ಚಲನೆಯಲ್ಲಿ]

ಇಲ್ಲಿ ನೋಡಿ. ನಿಂತ ಅಲೆ ಪೂರ್ತಿ ಎದ್ದಾಗ ನೀರಿನ ಒಂದು ಪಾಲು ತಗ್ಗಿನಿಂದ ದಿಬ್ಬಕ್ಕೆ ಹೋಗಿರುತ್ತದೆ. ಅಂದರೆ ಇಡೀ ನೀರಿನ ತೂಕದ ಕೇಂದ್ರ ಒಂಚೂರು ಮೇಲೆ. ಮುಂದಿನ ಕ್ಷಣ ಮೇಲ್ಮೈ ಸಪಾಟು, ಕೇಂದ್ರ ಕೆಳಗೆ. ಆಮೇಲೆ ದಿಬ್ಬ ಇದ್ದಲ್ಲಿ ತಗ್ಗು, ತಗ್ಗು ಇದ್ದಲ್ಲಿ ದಿಬ್ಬ. ಕೇಂದ್ರ ಮತ್ತೆ ಮೇಲೆ. ಮತ್ತೆ ಸಪಾಟು. ಅಲೆ ಒಂದು ಸುತ್ತು ಮುಗಿಸುವಷ್ಟರಲ್ಲಿ ಇಡೀ ನೀರು ಎರಡು ಸಲ ಏರಿ ಇಳಿದಿದೆ. ಅಷ್ಟು ತೂಕವನ್ನು ಎತ್ತಿ ಇಳಿಸಬೇಕಾದರೆ ತಳವನ್ನು ಒತ್ತಲೇಬೇಕು. ಈ ಒತ್ತಡ ಆಳಕ್ಕೆ ಹೋದರೂ ಸಾಯುವುದಿಲ್ಲ.

ನಡುಗಡಲಿನಲ್ಲಿ ಬೇರೆ ಬೇರೆ ದಿಕ್ಕಿನ ಅಲೆಗಳು ಸೇರುವಲ್ಲಿಯೂ ಹೀಗಾಗುತ್ತದೆ, ಕರಾವಳಿಗೆ ತಾಗಿ ಅಲೆ ಮರಳುವಲ್ಲಿಯೂ ಹೀಗಾಗುತ್ತದೆ. ಹಾಗಾಗಿ, ನಿಮ್ಮನ್ನು ಬೀಳಿಸಿದ ಕುಣಿತ ಅದೆಲ್ಲೋ ನೆಲಮಾಳಿಗೆಯಲ್ಲಿರುವ ಯಂತ್ರದ ಮುಳ್ಳನ್ನು ಅಲುಗಿಸುವ ಜಾತಿಯದ್ದೇ. ಬಿದ್ದದ್ದಕ್ಕೆ ನಾಚಿಕೆ ಪಡಬೇಡಿ.

ಸರಿ, ಗೆಳೆಯ ಯಾಕೆ ಬೀಳಲಿಲ್ಲ? ಬೋರ್ಡಿನ ಅಗಲ ಸುಮಾರು 80 ಸೆಂಟಿಮೀಟರ್. ಕಡಲಿನ ಕಯಾಕ್ 55ರ ಆಸುಪಾಸು. ಅಗಲ ಇದ್ದದ್ದೇ ಗಟ್ಟಿ ನಿಲ್ಲಬೇಕು ಅಲ್ವಾ? ಸಪಾಟು ನೀರಿನಲ್ಲಿ ಹೌದು. ಆದರೆ ಅಗಲವಾದ ಚಪ್ಪಟೆ ತಳ ನೀರಿನ ಮೇಲ್ಮೈಗೆ ಅಂಟಿಕೊಂಡಿರುತ್ತದೆ. ನೀರು ವಾಲಿದರೆ ಅದೂ ವಾಲುತ್ತದೆ, ಮೇಲೆ ಕಂಬದ ಹಾಗೆ ನಿಂತ ನೀವೂ ವಾಲುತ್ತೀರಿ. ಕಯಾಕಿನವನ ತೂಕ ನೀರಿನ ಮಟ್ಟದಲ್ಲೇ ಇದೆ. ಸೊಂಟ ಸಡಿಲ ಬಿಟ್ಟರೆ ದೋಣಿ ಕೆಳಗೆ ಎಷ್ಟೇ ಹೊರಳಲಿ, ಮೈ ನೆಟ್ಟಗಿರುತ್ತದೆ. ಸ್ಪ್ರೇಸ್ಕರ್ಟ್, ಅಂದರೆ ಸೊಂಟಕ್ಕೆ ಸುತ್ತಿ ದೋಣಿಯ ಬಾಯಿ ಮುಚ್ಚುವ ಹೊದಿಕೆ, ಇದ್ದರೆ ನೀರು ಒಳಗೆ ನುಗ್ಗುವುದೂ ಇಲ್ಲ. ಗ್ರೀನ್‌ಲೆಂಡಿನ ಇನ್ಯೂಟ್ ಬೇಟೆಗಾರರು ಸೀಲ್ ಚರ್ಮದ ಕಯಾಕಿನಲ್ಲಿ ಇದನ್ನು ಯಾವತ್ತೋ ಮಾಡಿದ್ದರು. ಜಾಕೆಟ್ಟಿನ ಅಂಚನ್ನು ದೋಣಿಯ ಬಾಯಿಗೇ ಬಿಗಿದು, ಮಗುಚಿದರೂ ಒಂದು ಸುತ್ತು ಉರುಳಿ ಮೇಲೆ ಬರುತ್ತಿದ್ದರು.

ನೀವು ಮಾಡಬಹುದಾದದ್ದು ಸುಲಭ. ಕಡಿದಾದ ಗೋಡೆ ಕಂಡರೆ ದೂರದಿಂದ ಸುತ್ತು ಹಾಕಿ. ಸಿಕ್ಕಿಹಾಕಿಕೊಂಡರೆ ತಡ ಮಾಡದೆ ಮಂಡಿಯೂರಿ, ಹುಟ್ಟು ಹಾಕುತ್ತಲೇ ಇರಿ. ಹುಟ್ಟು ನೀರಿನಲ್ಲಿರುವಷ್ಟು ಹೊತ್ತು ಅದೂ ಒಂದು ಆಸರೆ. ಗುಹೆಗಳ ಆಸೆ ಇದ್ದರೆ ಹೊರಗೆ ಕೆಲವು ನಿಮಿಷ ಕಾದು ದೊಡ್ಡ ಅಲೆಗಳ ಗುಂಪು ಬರುತ್ತದಾ ನೋಡಿ. ಹೆಲ್ಮೆಟ್ ಹಾಕಿ. ಅನುಭವಿಗಳು ಕಯಾಕನ್ನು ಹಿಮ್ಮುಖವಾಗಿ ಒಳಗೆ ಬಿಡುತ್ತಾರೆ. ಮೂತಿ ಕಡಲಿನ ಕಡೆಗಿದ್ದರೆ ಬರುವ ಅಲೆಯೂ ಕಾಣುತ್ತದೆ, ಓಡಿ ಬರುವುದೂ ಸಲೀಸು.

ನಡುಕದ ಕತೆಯಲ್ಲಿ ಟೈಮೆಲ್ಲ ಹೋಯಿತು, ಉಳಿದದ್ದು ಚಕಚಕ. ನೆಲದಿಂದ ಕಡಲಿನ ಕಡೆ ಬೀಸುವ ಗಾಳಿ ಮಹಾ ಮೋಸಗಾರ. ಬಂಡೆಯ ಮರೆಯಲ್ಲಿ ನೀರು ಸಪಾಟಾಗಿ ಕಾಣುತ್ತದೆ. ಮರೆ ದಾಟಿದರೆ ನಿಂತ ಮೈಯೇ ಹಾಯಿ, ಬೋರ್ಡ್ ಹೊರಗೆ ಹೋಗುತ್ತಲೇ ಇರುತ್ತದೆ. ಮಲಗಿ ಹುಟ್ಟು ಹಾಕಿ, ಬೋರ್ಡ್ ಮಾತ್ರ ಬಿಡಬೇಡಿ. ಉಬ್ಬರ ಇಳಿತದ ವೇಳಾಪಟ್ಟಿ ನೋಡದೆ ಹೊರಡಬೇಡಿ. ಸಾಮಾನ್ಯವಾಗಿ ಆರು ಗಂಟೆಯ ಉಬ್ಬರದಲ್ಲಿ ಅರ್ಧದಷ್ಟು ಏರಿಕೆ ಮೂರನೇ ಮತ್ತು ನಾಲ್ಕನೇ ಗಂಟೆಯಲ್ಲೇ ಆಗುತ್ತದೆ. ಕೆನಡಾದ ಫಂಡಿ ಕೊಲ್ಲಿಯ ಹೋಪ್‌ವೆಲ್ ರಾಕ್ಸ್‌ನಲ್ಲಿ ಇಳಿತದ ಹೊತ್ತಿಗೆ ಜನ ನಡೆದಾಡಿದ ನೆಲದ ಮೇಲೆಯೇ ಉಬ್ಬರದಲ್ಲಿ ಕಯಾಕ್ ತೇಲುತ್ತದೆ. ತಣ್ಣೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಏದುಸಿರು ಬರುತ್ತದೆ. ಆಗ ಈಜಲು ಹೋಗದೆ ತೇಲಿ. ಅದಕ್ಕೆ ಲೈಫ್ ಜಾಕೆಟ್ ಮೈಮೇಲಿರಬೇಕು, ಬೋರ್ಡಿಗೆ ಕಟ್ಟಿರುವುದಲ್ಲ. ಫೋನೂ ಅಷ್ಟೇ, ನೀರು ಹೋಗದ ಚೀಲದಲ್ಲಿ, ಮೈಮೇಲೆ.

ಲೀಶ್, ಅಂದರೆ ಬೋರ್ಡನ್ನು ನಿಮ್ಮ ಮೈಗೆ ಜೋಡಿಸುವ ಹಗ್ಗ, ಕಾಲಿಗೆ ಕಟ್ಟಬೇಕಾ, ಸೊಂಟಕ್ಕಾ ಅನ್ನುವ ಜಗಳ ದೊಡ್ಡದು. ಹರಿಯುವ ನೀರಿನಲ್ಲಿ ಕಾಲಿಗೆ ಬೇಡ, ಎಳೆದರೆ ಕಳಚುವ ಸೊಂಟದ ಲೀಶ್ ಇರಲಿ. ಕಾರಣ ಮುಂದಿನ ವಿಡಿಯೋದಲ್ಲಿ.